ಬಸವನಹುಳುವಿನಿಂದ ಶ್ವೇತಭವನದವರೆಗೆ

ಕೆನಡಾದ ಪೂರ್ವ ತೀರದ ನ್ಯೂಫೌಂಡ್‌ಲ್ಯಾಂಡ್ ಶತಮಾನಗಳ ಕಾಲ ಕಾಡ್ ಎಂಬ ಒಂದೇ ಮೀನನ್ನು ನಂಬಿ ಬದುಕಿದ ನಾಡು. 1992ರ ಜುಲೈ 2ರಂದು ಅಲ್ಲಿ ಕಾಡ್ ಹಿಡಿಯುವುದನ್ನೇ ಸರ್ಕಾರ ನಿಷೇಧಿಸಿತು. ಸುಮಾರು 30 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಎರಡು ವರ್ಷದ ಮಟ್ಟಿಗೆ ಎಂದು ಹೇಳಿ ತಂದ ನಿಷೇಧ ಅದು. ಔಪಚಾರಿಕವಾಗಿ ತೆರವಾದದ್ದು 2024ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರೇ ಊರು ಬಿಟ್ಟು ಬೇರೆ ಕಸುಬು ಹುಡುಕಿಕೊಂಡಿತ್ತು.

ಮೀನು ರಾತ್ರೋರಾತ್ರಿ ಮಾಯವಾಗಿರಲಿಲ್ಲ. ದಡದ ಹತ್ತಿರ ಬಲೆ ಬೀಸುತ್ತಿದ್ದ ಸಣ್ಣ ಮೀನುಗಾರರು ಬಲೆ ಬರಿದಾಗುತ್ತಿದೆ ಎಂದು ಹೇಳುತ್ತಲೇ ಇದ್ದರು. ಸರ್ಕಾರದ ಲೆಕ್ಕದಲ್ಲಿ ಮೀನು ಇರುವುದಕ್ಕಿಂತ ಹೆಚ್ಚಾಗಿ ಕಾಣಿಸಿತ್ತು. ಲೆಕ್ಕ ತಪ್ಪೆಂದು ಗೊತ್ತಾದ ಮೇಲೂ ಹಿಡಿಯುವ ಪ್ರಮಾಣವನ್ನು ಬೇಕಾದಷ್ಟು ಇಳಿಸಲು ರಾಜಕಾರಣಿಗಳಿಗೆ ಧೈರ್ಯ ಬರಲಿಲ್ಲ. ಕಡಲನ್ನು ಬಲ್ಲವರು ಒಂದು ಕಡೆ, ಕಡಲಿಗೆ ಕಾನೂನು ಮಾಡುವವರು ಇನ್ನೊಂದು ಕಡೆ. ನಡುವೆ ಸೇತುವೆ ಇಲ್ಲ. ಇದು ಆ ದುರಂತದ ಮೂಲ.

ಆ ಸೇತುವೆ ಕಟ್ಟುವುದನ್ನೇ ಜೀವನದ ಕೆಲಸ ಮಾಡಿಕೊಂಡವರಲ್ಲಿ ಅಮೆರಿಕದ ಕಡಲ ಜೀವಿವಿಜ್ಞಾನಿ ಜೇನ್ ಲುಬ್‌ಚೆಂಕೊ ಪ್ರಮುಖರು. ಬಂಡೆಗಳ ಮೇಲೆ ಬಸವನಹುಳುಗಳನ್ನು ಎಣಿಸುತ್ತಾ ವೃತ್ತಿ ಆರಂಭಿಸಿದ ಈಕೆ ತಮ್ಮ ದೇಶದ ಸಾಗರ ಮತ್ತು ಹವಾಮಾನ ಸಂಸ್ಥೆಯ ಮುಖ್ಯಸ್ಥೆಯಾದರು, ಶ್ವೇತಭವನದಲ್ಲಿ ಕೆಲಸ ಮಾಡಿದರು. ಹೊಗಳಿಕೆ ಬೇಕಾದಷ್ಟು ಬಂತು. ಬೈಗುಳವೂ ಅಷ್ಟೇ ಬಂತು. ವಿಜ್ಞಾನ ಓದಿ ಏನಾಗಬಹುದು ಎಂದು ಯೋಚಿಸುವ ವಿದ್ಯಾರ್ಥಿಗಳೂ ಅವರ ಪೋಷಕರೂ ಇವೆರಡನ್ನೂ ಸೇರಿಸಿಯೇ ಈ ಬದುಕನ್ನು ನೋಡಬೇಕು.

ಕಡಲಿಲ್ಲದ ಊರಿನ ಹುಡುಗಿ

ಲುಬ್‌ಚೆಂಕೊ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ, ಕೊಲರಾಡೊ ರಾಜ್ಯದ ಡೆನ್ವರ್‌ನಲ್ಲಿ. ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗಳೂರಿಗಿಂತಲೂ ಬಹಳ ಮೇಲಿರುವ ನಗರ ಅದು. ಪರ್ವತಗಳು ಕಾಣುತ್ತವೆ, ಕಡಲು ನೂರಾರು ಮೈಲಿ ದೂರ. ತಂದೆ ಶಸ್ತ್ರವೈದ್ಯರು, ತಾಯಿ ಮಕ್ಕಳ ವೈದ್ಯೆ. ಆರು ಮಂದಿ ಹೆಣ್ಣುಮಕ್ಕಳಲ್ಲಿ ಈಕೆಯೇ ಹಿರಿಯರು.

ಕೊಲರಾಡೊ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಿದ್ದಾಗ ಒಂದು ಬೇಸಿಗೆಯಲ್ಲಿ ಅಟ್ಲಾಂಟಿಕ್ ತೀರದ ವುಡ್ಸ್ ಹೋಲ್‌ನ ಕಡಲ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋಗುವ ಅವಕಾಶ ಸಿಕ್ಕಿತು. ಬೆನ್ನೆಲುಬಿಲ್ಲದ ಜೀವಿಗಳ ಕುರಿತ ಸಣ್ಣ ಅವಧಿಯ ಪಾಠ. ಪುಸ್ತಕದಲ್ಲಿ ಚಿತ್ರವಾಗಿದ್ದ ನಕ್ಷತ್ರಮೀನು, ಏಡಿ, ಹುಳುಗಳು ಕೈಗೆ ಸಿಕ್ಕವು. ಬೆಟ್ಟದ ಊರಿನ ಹುಡುಗಿ ಕಡಲಿನವಳಾದದ್ದು ಹೀಗೆ. 1969ರಲ್ಲಿ ಪದವಿ, 1971ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ, 1975ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್.

ಬಸವನಹುಳುವಿನ ಪಾಠ

ಹಾರ್ವರ್ಡ್‌ನಲ್ಲಿದ್ದಾಗ ಆಕೆ ಎತ್ತಿಕೊಂಡ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಸಮುದ್ರ ಇಳಿದಾಗ ಬಂಡೆಗಳ ನಡುವಿನ ಕುಳಿಗಳಲ್ಲಿ ನೀರು ನಿಲ್ಲುತ್ತದೆ. ನ್ಯೂ ಇಂಗ್ಲೆಂಡ್ ತೀರದ ಇಂಥ ಕುಳಿಗಳಲ್ಲಿ ಕೆಲವು ಎಳೆ ಹಸಿರು ಪಾಚಿಯಿಂದ ತುಂಬಿರುತ್ತವೆ. ಪಕ್ಕದ ಕುಳಿಯಲ್ಲಿ ಐರಿಷ್ ಮಾಸ್ ಎಂಬ ಗಡಸು ಕೆಂಪು ಪಾಚಿಯೊಂದೇ ಇರುತ್ತದೆ. ಮತ್ತೊಂದರಲ್ಲಿ ಹತ್ತು ಬಗೆಯ ಪಾಚಿಗಳು ಒಟ್ಟಿಗೆ ಬೆಳೆದಿರುತ್ತವೆ. ನೀರು ಒಂದೇ, ಬಂಡೆ ಒಂದೇ. ವ್ಯತ್ಯಾಸ ಏಕೆ?

ಉತ್ತರ ಸಿಕ್ಕಿದ್ದು ಪಾಚಿ ಮೇಯುವ ಪುಟ್ಟ ಕಡಲ ಬಸವನಹುಳುವಿನಲ್ಲಿ. ಆಕೆ ಒಂದು ಕುಳಿಯ ಹುಳುಗಳನ್ನೆಲ್ಲ ತೆಗೆದು ಇನ್ನೊಂದಕ್ಕೆ ಹಾಕಿದರು. ಹುಳು ತೆಗೆದ ಕುಳಿಯಲ್ಲಿ ಬೇಗ ಬೆಳೆಯುವ ಹಸಿರು ಪಾಚಿ ಮಿಕ್ಕೆಲ್ಲವನ್ನೂ ಅದುಮಿ ಹಾಕಿತು. ಹುಳು ತುಂಬಿದ ಕುಳಿಯಲ್ಲಿ ಎಳೆಯದೆಲ್ಲ ಖಾಲಿಯಾಗಿ ಹುಳುವಿಗೆ ರುಚಿಸದ ಗಡಸು ಪಾಚಿ ಮಾತ್ರ ಉಳಿಯಿತು. ಹುಳುಗಳು ಹದವಾಗಿದ್ದ ಕಡೆ ಅತಿ ಹೆಚ್ಚು ಬಗೆಯ ಪಾಚಿಗಳು ಬದುಕಿದವು. ನೀರು ನಿಲ್ಲದ ಬಂಡೆಯ ಮೈಮೇಲೆ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಹುಳು ಇಷ್ಟಪಡುವ ಪಾಚಿಯೇ ದುರ್ಬಲ. ಆದ್ದರಿಂದ ಹುಳು ಹೆಚ್ಚಿದಷ್ಟೂ ಪಾಚಿಯ ಬಗೆಗಳು ಕಡಿಮೆಯಾದವು.

1978ರಲ್ಲಿ ಪ್ರಕಟವಾದ ಈ ಪ್ರಬಂಧ ಇಂದಿಗೂ ಜೀವಿಪರಿಸರ ವಿಜ್ಞಾನದ ತರಗತಿಗಳಲ್ಲಿ ಪಾಠವಾಗುತ್ತದೆ. ಒಂದು ಜೀವಿಯನ್ನು ತೆಗೆದರೆ ಅದೊಂದೇ ಹೋಗುವುದಿಲ್ಲ, ಅದರೊಂದಿಗೆ ಹೆಣೆದುಕೊಂಡ ಲೋಕವೇ ಬದಲಾಗುತ್ತದೆ ಎಂಬುದನ್ನು ಅದು ಕಣ್ಣೆದುರು ತೋರಿಸಿತು. ಒಂದು ಕಡೆ ಸರಿಯಾದ ನಿಯಮ ಇನ್ನೊಂದು ಕಡೆ ಸರಿಯಾಗಲಾರದು ಎಂಬ ಎಚ್ಚರವೂ ಅದರಲ್ಲಿತ್ತು. ಮುಂದೆ ಇಡೀ ದೇಶದ ಮೀನುಗಾರಿಕೆಗೆ ನಿಯಮ ಮಾಡಬೇಕಾಗಿ ಬಂದಾಗ ಈ ಎರಡನೆಯ ಮಾತು ಆಕೆಯನ್ನು ಬಹಳವಾಗಿ ಪರೀಕ್ಷಿಸಿತು.

ಒಂದು ಹುದ್ದೆ, ಇಬ್ಬರು ವಿಜ್ಞಾನಿಗಳು

ವಾಷಿಂಗ್ಟನ್‌ನಲ್ಲಿ ಓದುವಾಗ ಪರಿಚಯವಾದ ಬ್ರೂಸ್ ಮೆಂಗೆ ಎಂಬ ಕಡಲ ವಿಜ್ಞಾನಿಯನ್ನು ಲುಬ್‌ಚೆಂಕೊ ಮದುವೆಯಾಗಿದ್ದರು. ಮಕ್ಕಳು ಬೇಕು, ಸಂಶೋಧನೆಯೂ ಬೇಕು, ಮಕ್ಕಳನ್ನು ಬೆಳೆಸುವುದರಲ್ಲಿ ಇಬ್ಬರಿಗೂ ಪಾಲಿರಬೇಕು ಎಂಬುದು ದಂಪತಿಯ ಆಸೆ. ಎಪ್ಪತ್ತರ ದಶಕದ ಅಮೆರಿಕದಲ್ಲಿ ಇದಕ್ಕೆ ಸಿದ್ಧ ದಾರಿ ಇರಲಿಲ್ಲ. ಗಂಡನಿಗೆ ಕೆಲಸ ಸಿಕ್ಕಿದ ಊರಿಗೆ ಹೆಂಡತಿ ಹೋಗುವುದು, ಅಲ್ಲಿ ಸಿಕ್ಕಿದ್ದನ್ನು ಮಾಡುವುದು ರೂಢಿಯಾಗಿತ್ತು.

ಇಬ್ಬರೂ ಸೇರಿ ವಿಶ್ವವಿದ್ಯಾಲಯಗಳ ಮುಂದೆ ವಿಚಿತ್ರವೆನಿಸುವ ಬೇಡಿಕೆ ಇಟ್ಟರು: ಒಂದು ಪ್ರಾಧ್ಯಾಪಕ ಹುದ್ದೆಯನ್ನು ಎರಡಾಗಿ ಒಡೆಯಿರಿ. ತಲಾ ಅರ್ಧ ಪಾಠ, ಅರ್ಧ ಸಂಬಳ. ಆದರೆ ಇಬ್ಬರ ಹುದ್ದೆಯೂ ಮುಂದೆ ಕಾಯಂ ಆಗುವಂಥದ್ದೇ ಇರಬೇಕು. ಪೆಸಿಫಿಕ್ ತೀರದ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯ ಒಪ್ಪಿತು. 1977ರಲ್ಲಿ ಲುಬ್‌ಚೆಂಕೊ ಹಾರ್ವರ್ಡ್‌ನ ಹುದ್ದೆ ಬಿಟ್ಟು ಅಲ್ಲಿಗೆ ಬಂದರು. ಅಷ್ಟು ದೊಡ್ಡ ಹೆಸರಿನ ಸಂಸ್ಥೆ ಬಿಟ್ಟು ಅರ್ಧ ಕೆಲಸಕ್ಕೆ ಹೋಗುವುದೇ ಎಂದು ಯಾರಾದರೂ ಹುಬ್ಬೇರಿಸುವಂಥ ನಿರ್ಧಾರ.

ಇಬ್ಬರು ಗಂಡುಮಕ್ಕಳು ಬೆಳೆದರು. ಹತ್ತು ವರ್ಷಕ್ಕೂ ಮೀರಿ ಹೀಗೆ ಅರೆಕಾಲಿಕವಾಗಿ ದುಡಿದು, ಎಂಬತ್ತರ ದಶಕದ ಕೊನೆಯಲ್ಲಿ ಲುಬ್‌ಚೆಂಕೊ ಪೂರ್ಣಾವಧಿಗೆ ಬಂದರು. 1993ರಲ್ಲಿ ಅಮೆರಿಕದ ಪ್ರತಿಷ್ಠಿತ ಮೆಕಾರ್ಥರ್ ಫೆಲೋಶಿಪ್ ಅವರಿಗೆ ಬಂತು. ಮೆಂಗೆ ಅವರೂ ತೀರದ ಜೀವಿಗಳ ಅಧ್ಯಯನದಲ್ಲಿ ದೊಡ್ಡ ಹೆಸರು ಮಾಡಿದರು. ಮಗಳು ಸಂಶೋಧನೆಗೆ ಹೋದರೆ ಸಂಸಾರದ ಗತಿಯೇನು ಎಂದು ಚಿಂತಿಸುವ ಪೋಷಕರು ಈ ಲೆಕ್ಕವನ್ನು ಗಮನಿಸಬಹುದು. ಅವರಿಗೆ ಬೇಕಾಗಿದ್ದದ್ದು ಒಪ್ಪುವ ಸಂಗಾತಿ ಮತ್ತು ಒಪ್ಪುವ ಸಂಸ್ಥೆ.

ಹೊಸ ಕರಾರು

ತೊಂಬತ್ತರ ದಶಕದ ಹೊತ್ತಿಗೆ ಪರಿಸರ ವಿಜ್ಞಾನಿಗಳಲ್ಲಿ ಒಂದು ಕಳವಳ ಬೆಳೆಯುತ್ತಿತ್ತು. ಲುಬ್‌ಚೆಂಕೊ ಮತ್ತು ಮೂವರು ಸಹೋದ್ಯೋಗಿಗಳು 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆ ಕಳವಳಕ್ಕೆ ಅಂಕಿ ಅಂಶಗಳ ಆಧಾರ ಒದಗಿಸಿದರು. ಭೂಮಿಯ ನೆಲದಲ್ಲಿ ಮೂರನೇ ಒಂದರಿಂದ ಅರ್ಧದಷ್ಟನ್ನು ಮನುಷ್ಯ ಬದಲಾಯಿಸಿದ್ದ. ಕೈಗೆಟಕುವ ಸಿಹಿನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಳಸುತ್ತಿದ್ದ. ಪ್ರಮುಖ ಕಡಲ ಮೀನುಗಾರಿಕೆಗಳಲ್ಲಿ ಮೂರನೇ ಎರಡರಷ್ಟು ಆಗಲೇ ಮಿತಿ ಮುಟ್ಟಿದ್ದವು, ಇಲ್ಲವೇ ಮಿತಿ ಮೀರಿದ್ದವು.

ಅದೇ ವರ್ಷ ಅಮೆರಿಕದ ವಿಜ್ಞಾನ ಪ್ರಗತಿ ಸಂಘದ ಅಧ್ಯಕ್ಷೆಯಾಗಿ ಮಾಡಿದ ಭಾಷಣದಲ್ಲಿ ಆಕೆ ಇಟ್ಟ ವಾದ ನೇರವಾಗಿತ್ತು. ಸಂಶೋಧನೆಗೆ ಹಣ ಕೊಡುವುದು ಸಮಾಜ. ಅದಕ್ಕೆ ಪ್ರತಿಯಾಗಿ ವಿಜ್ಞಾನಿಗಳು ಸಮಾಜದ ಅತ್ಯಂತ ತುರ್ತಿನ ಸಮಸ್ಯೆಗಳನ್ನು ಎತ್ತಿಕೊಳ್ಳಬೇಕು, ತಿಳಿದದ್ದನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳಬೇಕು, ವಿವೇಕ ಮತ್ತು ವಿನಯದಿಂದ ನಡೆಯಬೇಕು. ಇದನ್ನು ಆಕೆ ವಿಜ್ಞಾನ ಮತ್ತು ಸಮಾಜದ ನಡುವಿನ ಹೊಸ ಕರಾರು ಎಂದು ಕರೆದರು. ವಿಜ್ಞಾನ ತೀರ್ಮಾನವನ್ನು ಹೇರಬಾರದು, ತೀರ್ಮಾನಕ್ಕೆ ತಿಳಿವಳಿಕೆ ಕೊಡಬೇಕು ಎಂಬುದು ಆಕೆ ಹಾಕಿಕೊಂಡ ಗೆರೆ.

ಎಲ್ಲ ವಿಜ್ಞಾನಿಗಳೂ ಇದನ್ನು ಮೆಚ್ಚಲಿಲ್ಲ. ಪತ್ರಕರ್ತರ ಮುಂದೆ, ರಾಜಕಾರಣಿಗಳ ಮುಂದೆ ಮಾತಾಡತೊಡಗಿದರೆ ನಿಷ್ಪಕ್ಷಪಾತ ಹೋಗುತ್ತದೆ ಎಂಬ ಭಯ ಹಲವರಿಗಿತ್ತು. ಆಕೆಯ ಉತ್ತರ ಕಾರ್ಯರೂಪದಲ್ಲಿತ್ತು. 1998ರಲ್ಲಿ ಆರಂಭವಾದ ಲಿಯೊಪಾಲ್ಡ್ ನಾಯಕತ್ವ ಕಾರ್ಯಕ್ರಮದಲ್ಲಿ ಪರಿಸರ ವಿಜ್ಞಾನಿಗಳಿಗೆ ಸಾರ್ವಜನಿಕರೊಡನೆ ಮಾತಾಡುವ ತರಬೇತಿ ಕೊಡಿಸಿದರು. ಮರುವರ್ಷ 'ಕಂಪಸ್' ಎಂಬ ಸಂಸ್ಥೆ ಹುಟ್ಟಿತು. ಅಲ್ಲಿ ಕಲಿಸುವ ಒಂದು ಉಪಾಯ ನಮ್ಮ ವಿದ್ಯಾರ್ಥಿಗಳಿಗೂ ಉಪಯುಕ್ತ. ಹಾಳೆಯ ಮೇಲೆ ಒಂದು ಚೌಕ ಬರೆದು ನಡುವೆ ವಿಷಯ ಬರೆಯಬೇಕು. ನಾಲ್ಕು ಬದಿಗೆ ನಾಲ್ಕು ಉತ್ತರ: ಸಮಸ್ಯೆ ಏನು? ಅದರಿಂದ ಕೇಳುವವರಿಗೆ ಏನು? ಪರಿಹಾರ ಏನು? ಪರಿಹಾರದಿಂದ ಲಾಭ ಏನು? ಈ ನಾಲ್ಕನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಹೇಳಲಾಗದಿದ್ದರೆ ವಿಷಯ ತನಗೇ ಇನ್ನೂ ಸ್ಪಷ್ಟವಾಗಿಲ್ಲ ಎಂದು ತಿಳಿಯಬೇಕು.

ಮೀನಿಗೊಂದು ಆಸರೆ

ಇದೇ ಅವಧಿಯಲ್ಲಿ ಆಕೆ ಒತ್ತಿ ಹೇಳತೊಡಗಿದ ವಿಷಯ ಕಡಲ ರಕ್ಷಿತ ಪ್ರದೇಶಗಳದು. ನೆಲದ ಮೇಲೆ ಅಭಯಾರಣ್ಯಗಳಿರುವಂತೆ ಕಡಲಿನಲ್ಲೂ ಬಲೆ ಬೀಳದ ಜಾಗಗಳು ಬೇಕು ಎಂಬ ವಾದ. ಕಾರಣ ಸರಳ. ಮೀನು ದೊಡ್ಡದಾದಷ್ಟೂ ಇಡುವ ಮೊಟ್ಟೆ ಬಹಳ ವೇಗವಾಗಿ ಹೆಚ್ಚುತ್ತದೆ. ಒಂದು ದೊಡ್ಡ ಹೆಣ್ಣು ಮೀನು ಹಲವಾರು ಚಿಕ್ಕ ಹೆಣ್ಣು ಮೀನುಗಳಷ್ಟು ಮೊಟ್ಟೆ ಇಡಬಲ್ಲದು. ಆದರೆ ಬಲೆಗೆ ಮೊದಲು ಬೇಕಾಗುವುದು ದೊಡ್ಡ ಮೀನೇ. ಕೆಲವು ಜಾಗಗಳನ್ನು ಬಿಟ್ಟುಬಿಟ್ಟರೆ ಅಲ್ಲಿ ಹಳೆಯ, ದಪ್ಪ ಮೀನುಗಳು ಉಳಿಯುತ್ತವೆ. ಮರಿಗಳು ಗಡಿ ದಾಟಿ ಹೊರಗೂ ಹರಡುತ್ತವೆ.

2001ರಲ್ಲಿ 161 ವಿಜ್ಞಾನಿಗಳು ಸಹಿ ಮಾಡಿದ ಹೇಳಿಕೆ ಈ ವಾದಕ್ಕೆ ಬಲ ಕೊಟ್ಟಿತು. ಅದರ ಹಿಂದೆ ಲುಬ್‌ಚೆಂಕೊ ಮುಂಚೂಣಿಯಲ್ಲಿದ್ದರು. ಕ್ಯಾಲಿಫೋರ್ನಿಯಾ 1999ರ ಕಾನೂನಿನ ಪ್ರಕಾರ ತನ್ನ ತೀರದುದ್ದಕ್ಕೂ 124 ರಕ್ಷಿತ ಪ್ರದೇಶಗಳ ಜಾಲವನ್ನು ಹೆಣೆದು 2012ರಲ್ಲಿ ಪೂರ್ಣಗೊಳಿಸಿತು. ರಾಜ್ಯದ ವ್ಯಾಪ್ತಿಯ ಕಡಲಿನಲ್ಲಿ ಅದು ಸುಮಾರು ಶೇ 16 ಭಾಗ. ಜಾಗ ಎಲ್ಲಿ, ಎಷ್ಟು ದೂರಕ್ಕೊಂದು ಇರಬೇಕು ಎಂಬ ಲೆಕ್ಕಕ್ಕೆ, ಆಕೆ ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ 'ಪಿಸ್ಕೊ' ಎಂಬ ವಿಶ್ವವಿದ್ಯಾಲಯಗಳ ಒಕ್ಕೂಟದ ವಿಜ್ಞಾನಿಗಳು ನೆರವಾದರು. ಇದೇ ಒಕ್ಕೂಟ 2002ರಲ್ಲಿ ಒರೆಗಾನ್ ತೀರದ ನೀರಿನಲ್ಲಿ ಆಮ್ಲಜನಕ ಕುಸಿದು ಏಡಿ, ಮೀನುಗಳು ಸಾಯುತ್ತಿರುವುದನ್ನು ದಾಖಲಿಸಿತು. 2006ರಲ್ಲಿ ಸ್ಥಿತಿ ಇನ್ನೂ ಕೆಟ್ಟಿತು.

ಸಂಸತ್ತಿನಲ್ಲಿ ಸೀಮೆಸುಣ್ಣ

ಬರಾಕ್ ಒಬಾಮಾ ಅಧ್ಯಕ್ಷರಾದಾಗ ಲುಬ್‌ಚೆಂಕೊ ಅವರನ್ನು ರಾಷ್ಟ್ರೀಯ ಸಾಗರ ಮತ್ತು ವಾತಾವರಣ ಆಡಳಿತದ ಮುಖ್ಯಸ್ಥೆಯಾಗಿ ಆರಿಸಿದರು. 'ನೋವಾ' ಎಂದು ಕರೆಯಲಾಗುವ ಈ ಸಂಸ್ಥೆ 1970ರಲ್ಲಿ ಸ್ಥಾಪನೆಯಾದದ್ದು. ಹವಾಮಾನ ಮುನ್ಸೂಚನೆ, ಉಪಗ್ರಹಗಳು, ಕಡಲ ನಕ್ಷೆ, ಮೀನುಗಾರಿಕೆಯ ನಿಯಂತ್ರಣ, ಎಲ್ಲವೂ ಅದರ ಕೆಲಸ. ಸಿಬ್ಬಂದಿ ಆಗ ಸುಮಾರು 12 ಸಾವಿರ. 2009ರ ಮಾರ್ಚ್‌ನಲ್ಲಿ ಅಧಿಕಾರ ವಹಿಸಿಕೊಂಡ ಆಕೆ ಆ ಹುದ್ದೆಗೇರಿದ ಮೊದಲ ಮಹಿಳೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ ಸಾಕ್ಷ್ಯ ಹೇಳಲು ಹೋದಾಗ ಆಕೆ ಕೊಂಡೊಯ್ದದ್ದು ವರದಿಗಳ ಕಟ್ಟನ್ನಷ್ಟೇ ಅಲ್ಲ, ಬಣ್ಣದ ನೀರು, ಒಣ ಮಂಜುಗಡ್ಡೆ, ವಿನೆಗರ್ ಮತ್ತು ಸೀಮೆಸುಣ್ಣವನ್ನು ಕೂಡ. ಒಣ ಮಂಜುಗಡ್ಡೆ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ನೀರಿಗೆ ಹಾಕಿದಾಗ ನೀರು ಆಮ್ಲೀಯವಾಗಿ ಬಣ್ಣ ಬದಲಾಯಿತು. ಆಮ್ಲದಲ್ಲಿ ಸೀಮೆಸುಣ್ಣ ಕರಗತೊಡಗಿತು. ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರುತ್ತದೆ. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಸಮುದ್ರದ ಮೇಲ್ಮೈ ನೀರಿನ ಆಮ್ಲೀಯತೆ ಸುಮಾರು ಶೇ 30ರಷ್ಟು ಏರಿದೆ. ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಇದರಿಂದ ಕಷ್ಟ. ಒರೆಗಾನ್‌ನಲ್ಲಿ 2007-08ರ ವೇಳೆಗೇ ಸಿಂಪಿ ಮರಿಗಳು ರಾಶಿ ರಾಶಿಯಾಗಿ ಸತ್ತಿದ್ದವು.

ಮನೆಯಲ್ಲಿ ಕೋಳಿಮೊಟ್ಟೆಯ ಸಿಪ್ಪೆಯನ್ನು ಒಂದು ಲೋಟ ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟರೆ ಇದೇ ರಸಾಯನಶಾಸ್ತ್ರ ನೋಡಲು ಸಿಗುತ್ತದೆ. ಸಮುದ್ರದ ನೀರು ವಿನೆಗರ್‌ನಷ್ಟು ಹುಳಿಯಾಗುವುದಿಲ್ಲ ನಿಜ. ಆದರೆ ಸಣ್ಣ ಬದಲಾವಣೆಯೂ ಎಳೆಯ ಚಿಪ್ಪಿಗೆ ದೊಡ್ಡದು.

87 ದಿನಗಳ ಪರೀಕ್ಷೆ

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಿಸಿತು. ಹನ್ನೊಂದು ಕಾರ್ಮಿಕರು ಸತ್ತರು. ಸುಮಾರು ಒಂದೂವರೆ ಕಿಲೋಮೀಟರ್ ಆಳದ ಬಾವಿಯ ಬಾಯಿಯಿಂದ 87 ದಿನ ಎಣ್ಣೆ ಹರಿಯಿತು. ಸರ್ಕಾರಿ ವಿಜ್ಞಾನಿಗಳ ಅಂದಾಜಿನಂತೆ ಒಟ್ಟು 49 ಲಕ್ಷ ಬ್ಯಾರೆಲ್.

ವಿಜ್ಞಾನ ಅಧಿಕಾರದಲ್ಲಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಪೆಟ್ಟು ಬಿದ್ದದ್ದು ಆಗ. ಮೊದಲ ವಾರಗಳಲ್ಲಿ ಸರ್ಕಾರ ಹೇಳಿದ ಅಂಕಿ ದಿನಕ್ಕೆ 5,000 ಬ್ಯಾರೆಲ್. ಕೊನೆಗೆ ಲೆಕ್ಕ ಹಾಕಿದಾಗ ಆರಂಭದ ಹರಿವು ದಿನಕ್ಕೆ 62 ಸಾವಿರ ಬ್ಯಾರೆಲ್ ಎಂದಾಯಿತು. ಆಳದಲ್ಲಿ ಎಣ್ಣೆಯ ಮೋಡಗಳು ತೇಲುತ್ತಿವೆ ಎಂದು ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೇ ತಿಂಗಳಲ್ಲಿ ಹೇಳಿದಾಗ, ಅವಸರದ ಮಾತು ಎಂದು ನೋವಾ ತಳ್ಳಿಹಾಕಿತು. ಜೂನ್‌ನಲ್ಲಿ ಅದನ್ನೇ ಒಪ್ಪಬೇಕಾಯಿತು. ಆಗಸ್ಟ್‌ನಲ್ಲಿ ಪ್ರಕಟಿಸಿದ ಎಣ್ಣೆಯ ಲೆಕ್ಕಪತ್ರದಲ್ಲಿ ಸುಮಾರು ಕಾಲು ಭಾಗ ಮಾತ್ರ ಉಳಿದಿದೆ ಎಂದಾಗ, ನೀರಿನಲ್ಲಿ ಚದುರಿದ್ದು, ಕರಗಿದ್ದು ಇಲ್ಲವಾಯಿತೆಂದು ಹೇಗೆ ಹೇಳುತ್ತೀರಿ ಎಂದು ಅನೇಕ ವಿಜ್ಞಾನಿಗಳು ಪ್ರಶ್ನಿಸಿದರು. ಬಾಯಿಬಿಟ್ಟು ಮಾತಾಡಿ ಎಂದು ಬೇರೆಯವರಿಗೆ ಕಲಿಸಿದ್ದ ವಿಜ್ಞಾನಿಯೇ ಈಗ ಮುಚ್ಚಿಡುತ್ತಿದ್ದಾರೆ ಎಂಬ ಆರೋಪ ಕೇಳಬೇಕಾಯಿತು.

ಇನ್ನೊಂದು ಮುಖವೂ ಇತ್ತು. ಎಣ್ಣೆ ಎತ್ತ ಸಾಗುತ್ತದೆ ಎಂದು ಪ್ರತಿದಿನ ಮುನ್ಸೂಚನೆ ಕೊಟ್ಟದ್ದು ನೋವಾ. ಕಲುಷಿತ ಮೀನು ಜನರ ತಟ್ಟೆಗೆ ಹೋಗದಂತೆ, ಜೂನ್ ಆರಂಭದಲ್ಲಿ ಕೊಲ್ಲಿಯಲ್ಲಿ ಕೇಂದ್ರ ಸರ್ಕಾರದ ವ್ಯಾಪ್ತಿಯ ನೀರಿನ ಶೇ 37 ಭಾಗದಲ್ಲಿ ಮೀನುಗಾರಿಕೆ ನಿಲ್ಲಿಸಿತ್ತು. ಮೀನಿನ ಮಾದರಿಗಳನ್ನು ಪರೀಕ್ಷಿಸಿ ಹಂತ ಹಂತವಾಗಿ ತೆರೆದು, ಕೊನೆಯ ತುಂಡನ್ನು 2011ರ ಏಪ್ರಿಲ್‌ನಲ್ಲಿ ಬಿಟ್ಟುಕೊಟ್ಟಿತು. ಅನಂತರ ಲುಬ್‌ಚೆಂಕೊ ಸಹೋದ್ಯೋಗಿಗಳೊಂದಿಗೆ ಆ ದಿನಗಳ ಅನುಭವವನ್ನು ಸಂಶೋಧನಾ ಪ್ರಬಂಧವಾಗಿ ಬರೆದರು. 2011ರ ಕೊನೆಯಲ್ಲಿ ನೋವಾ ಜಾರಿಗೆ ತಂದ ವೈಜ್ಞಾನಿಕ ಪ್ರಾಮಾಣಿಕತೆಯ ನಿಯಮಗಳು, ಸಂಸ್ಥೆಯ ವಿಜ್ಞಾನಿಗಳು ತಮ್ಮ ಸಂಶೋಧನೆಯ ಬಗ್ಗೆ ಪತ್ರಿಕೆಗಳೊಡನೆ ಮುಕ್ತವಾಗಿ ಮಾತಾಡಬಹುದು ಎಂದು ಸ್ಪಷ್ಟಪಡಿಸಿದವು.

ಮೀನುಗಾರರ ಸಿಟ್ಟು

ಎಣ್ಣೆಗಿಂತ ದೀರ್ಘಕಾಲ ಕಾಡಿದ್ದು ಮೀನಿನ ಪ್ರಶ್ನೆ. ವರ್ಷಕ್ಕೆ ಇಷ್ಟೇ ಮೀನು ಎಂದು ಮಿತಿ ಹಾಕಿದರೆ ಸಾಲದು. ಎಲ್ಲರೂ ಒಟ್ಟಿಗೆ ನುಗ್ಗಿ ಮುಗಿಸುತ್ತಾರೆ. ಅಲಾಸ್ಕಾದಲ್ಲಿ ಹ್ಯಾಲಿಬಟ್ ಮೀನಿನ ಋತು ತೊಂಬತ್ತರ ದಶಕದ ಆರಂಭದಲ್ಲಿ ವರ್ಷಕ್ಕೆ ಎರಡು ಮೂರು ದಿನಕ್ಕೆ ಇಳಿದಿತ್ತು. ಬಿರುಗಾಳಿ ಇದ್ದರೂ ಅಂದೇ ಹೋಗಬೇಕು. 1995ರಿಂದ ಒಬ್ಬೊಬ್ಬರಿಗೂ ನಿಗದಿತ ಪಾಲು ಕೊಟ್ಟರು. ಋತು ಸುಮಾರು ಎಂಟು ತಿಂಗಳಿಗೆ ಹಿಗ್ಗಿತು. ಅವಸರ ಹೋಯಿತು, ಒಳ್ಳೆಯ ಬೆಲೆಯೂ ಸಿಕ್ಕಿತು.

ಈ ಪಾಲುಪದ್ಧತಿಯನ್ನು ಇತರೆಡೆಗೂ ವಿಸ್ತರಿಸಲು ಲುಬ್‌ಚೆಂಕೊ ಬೆಂಬಲ ಕೊಟ್ಟರು. 2010ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್‌ನಲ್ಲಿ, 2011ರ ಜನವರಿಯಲ್ಲಿ ಪಶ್ಚಿಮ ತೀರದ ಟ್ರಾಲ್ ದೋಣಿಗಳಿಗೆ ಅದು ಜಾರಿಯಾಯಿತು. ಹಿಂದೆ ಕಡಿಮೆ ಹಿಡಿದವರಿಗೆ ಕಡಿಮೆ ಪಾಲು ಬಂತು. ಪಾಲನ್ನು ಮಾರಬಹುದು, ಗುತ್ತಿಗೆಗೆ ಕೊಡಬಹುದು ಎಂದ ಮೇಲೆ ದುಡ್ಡಿದ್ದವರ ಕೈಗೆ ಪಾಲುಗಳು ಸೇರತೊಡಗಿವೆ ಎಂದು ಸಣ್ಣ ದೋಣಿಯವರು ಕೂಗೆಬ್ಬಿಸಿದರು. 2010ರ ಫೆಬ್ರವರಿಯಲ್ಲೇ ಮೀನುಗಾರರು ದೇಶದ ರಾಜಧಾನಿಯಲ್ಲಿ ಸಂಸತ್ತಿನ ಎದುರು ಪ್ರತಿಭಟನೆ ಮಾಡಿದ್ದರು.

ಫಲಿತಾಂಶ ಎರಡು ತೀರಗಳಲ್ಲಿ ಎರಡು ಬಗೆಯಾಯಿತು. ಪಶ್ಚಿಮದಲ್ಲಿ 2000ದಲ್ಲಿ ವಿಪತ್ತು ಎಂದು ಘೋಷಿಸಿದ್ದ ಮೀನುಗಾರಿಕೆ ವರ್ಷಗಳ ಕಟ್ಟುನಿಟ್ಟಿನಿಂದ ಚೇತರಿಸಿತು. ಕ್ಯಾನರಿ ರಾಕ್‌ಫಿಶ್ 2015ರಲ್ಲಿ, ಬೊಕಾಚಿಯೊ 2017ರಲ್ಲಿ ಮತ್ತೆ ತುಂಬಿಕೊಂಡಿವೆ ಎಂದು ಘೋಷಣೆಯಾಯಿತು. ಪೂರ್ವದಲ್ಲಿ ಮೇನ್ ಕೊಲ್ಲಿಯ ಕಾಡ್ ಮೀನು ಚೇತರಿಸಲಿಲ್ಲ. 2008ರ ಅಂದಾಜು ಆಶಾದಾಯಕವಾಗಿತ್ತು. 2011ರ ಅಂದಾಜು ಅದನ್ನು ತಲೆಕೆಳಗು ಮಾಡಿತು. 2012ರಲ್ಲಿ ಅಲ್ಲಿನ ಮೀನುಗಾರಿಕೆಯನ್ನು ವಿಪತ್ತು ಎಂದು ಘೋಷಿಸಬೇಕಾಯಿತು, 2013ರಲ್ಲಿ ಕಾಡ್ ಹಿಡಿಯುವ ಮಿತಿಯನ್ನು ಮುಕ್ಕಾಲು ಪಾಲಿಗೂ ಹೆಚ್ಚು ಕಡಿತ ಮಾಡಲಾಯಿತು. ಕೊಲ್ಲಿಯ ನೀರು ಅತಿವೇಗವಾಗಿ ಬಿಸಿಯಾಗುತ್ತಿರುವುದೂ ಇದಕ್ಕೆ ಕಾರಣ ಎಂದು 2015ರ ಅಧ್ಯಯನ ತೋರಿಸಿತು. ಬಸವನಹುಳುವಿನ ಕುಳಿಗಳಲ್ಲಿ ಕಂಡ ಸತ್ಯವೇ ದೊಡ್ಡದಾಗಿ ಎದುರಿಗೆ ಬಂದಿತ್ತು: ನಿಯಮ ಒಂದೇ ಆದರೂ ನೀರು ಬೇರೆ.

ಎಡವಿದ ಹೆಜ್ಜೆ

2013ರ ಫೆಬ್ರವರಿಯಲ್ಲಿ ಹುದ್ದೆ ಬಿಟ್ಟು ಲುಬ್‌ಚೆಂಕೊ ಒರೆಗಾನ್‌ಗೆ ಮರಳಿದರು. ಸಾಗರ ವಿಷಯಗಳಿಗೆ ಅಮೆರಿಕದ ವಿಜ್ಞಾನ ದೂತೆಯಾಗಿ ಇತರ ದೇಶಗಳೊಂದಿಗೆ ಕೆಲಸ ಮಾಡಿದರು. 2021ರಲ್ಲಿ ಜೋ ಬೈಡನ್ ಸರ್ಕಾರ ಅವರನ್ನು ಶ್ವೇತಭವನದ ವಿಜ್ಞಾನ ಕಚೇರಿಗೆ, ಹವಾಮಾನ ಮತ್ತು ಪರಿಸರ ವಿಭಾಗಕ್ಕೆ ಕರೆಯಿತು. ಅಮೆರಿಕದ ಮೊದಲ ಸಾಗರ ಹವಾಮಾನ ಕ್ರಿಯಾಯೋಜನೆ 2023ರ ಮಾರ್ಚ್‌ನಲ್ಲಿ ಹೊರಬಂದದ್ದು ಈ ಅವಧಿಯಲ್ಲಿ.

ಆದರೆ ಅದಕ್ಕೆ ಮೊದಲೇ ಕಹಿ ಘಟನೆಯೊಂದು ನಡೆಯಿತು. 2020ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ ಬಂದ, ಕಡಲ ರಕ್ಷಿತ ಪ್ರದೇಶಗಳ ಕುರಿತ ಪ್ರಬಂಧವೊಂದರ ಸಂಪಾದನೆಯ ಹೊಣೆಯನ್ನು ಆಕೆ ವಹಿಸಿಕೊಂಡಿದ್ದರು. ಲೇಖಕರಲ್ಲಿ ಒಬ್ಬರು ಆಕೆಯ ಹತ್ತಿರದ ಬಂಧು. ಅಂಥ ಸಂದರ್ಭದಲ್ಲಿ ಸಂಪಾದಕರು ದೂರ ಸರಿಯಬೇಕೆಂಬುದು ನಿಯಮ. ಪ್ರಬಂಧದ ದತ್ತಾಂಶಗಳಲ್ಲೂ ದೋಷ ಕಂಡುಬಂದು 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 2022ರ ಆಗಸ್ಟ್‌ನಲ್ಲಿ ಅಕಾಡೆಮಿ ಆಕೆಯನ್ನು ತನ್ನ ಪ್ರಕಟಣೆ ಮತ್ತು ಕಾರ್ಯಕ್ರಮಗಳಿಂದ ಐದು ವರ್ಷ ದೂರವಿಟ್ಟಿತು. ತಾವು ತಪ್ಪು ನಿರ್ಧಾರ ಮಾಡಿದ್ದಾಗಿ ಲುಬ್‌ಚೆಂಕೊ ಒಪ್ಪಿಕೊಂಡರು.

ಅರ್ಧ ಶತಮಾನದ ಸಾಧನೆಯನ್ನು ಈ ಒಂದು ತಪ್ಪು ಅಳಿಸುವುದಿಲ್ಲ. ಹಾಗೆಂದು ಇದನ್ನು ಬಿಟ್ಟು ಸಾಧನೆಯನ್ನಷ್ಟೇ ಹೇಳುವುದೂ ಸರಿಯಲ್ಲ. ನೀತಿ ನಿರೂಪಣೆಗೆ ಇಳಿದ ವಿಜ್ಞಾನಿಯ ಬಂಡವಾಳವೇ ಜನರ ನಂಬಿಕೆ. ಹಿರಿಯರೂ ನಿಯಮಕ್ಕೆ ಹೊರತಲ್ಲ ಎಂದು ಅಕಾಡೆಮಿ ತೋರಿಸಿದ್ದರಿಂದ ಆ ನಂಬಿಕೆ ಉಳಿಯುತ್ತದೆ.

ಇಲ್ಲಿ ಓದುವವರಿಗೆ

ನಮ್ಮ ಕರಾವಳಿಯಲ್ಲೂ ಇದೇ ಬಗೆಯ ಪ್ರಶ್ನೆಗಳಿವೆ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮಳೆಗಾಲದಲ್ಲಿ ಬಹಳಷ್ಟು ಮೀನುಗಳು ಮೊಟ್ಟೆ ಇಡುತ್ತವೆ ಎಂಬುದು ಅದರ ಹಿಂದಿನ ವಿಜ್ಞಾನ. ಆ ಎರಡು ತಿಂಗಳು ದೋಣಿಯ ಕಲಾಸಿಗಳ ಮನೆ ನಡೆಯುವುದು ಹೇಗೆ ಎಂಬುದು ಅದರ ಹಿಂದಿನ ಬದುಕು. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು, ಮತ್ಸ್ಯಕ್ಷಾಮ ಬಂದ ವರ್ಷ ಏನು ಮಾಡಬೇಕು ಎಂಬುದಕ್ಕೆ ಎರಡನ್ನೂ ಬಲ್ಲವರು ಬೇಕು.

ಇದಕ್ಕೆ ಓದುವ ದಾರಿ ಹತ್ತಿರದಲ್ಲೇ ಇದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಅಲ್ಲಿನ ಬಿ.ಎಫ್.ಎಸ್ಸಿ. ಪದವಿಗೆ ಸೇರಬಹುದು. ಬಿ.ಎಸ್ಸಿ. ಆದವರಿಗೆ ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಕಡಲ ವಿಜ್ಞಾನದ ಸ್ನಾತಕೋತ್ತರ ಕೋರ್ಸುಗಳಿವೆ. ಸಂಶೋಧನೆಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಈಜು ಬರದಿದ್ದರೆ ಹೇಗೆ ಎಂದು ಹೆದರಬೇಕಾಗಿಲ್ಲ. ಕಡಲ ವಿಜ್ಞಾನದಲ್ಲಿ ಗಣಿತ, ರಸಾಯನಶಾಸ್ತ್ರ, ಉಪಗ್ರಹ ಚಿತ್ರಗಳ ವಿಶ್ಲೇಷಣೆ, ಅರ್ಥಶಾಸ್ತ್ರ, ಕಾನೂನು ಎಲ್ಲಕ್ಕೂ ಜಾಗವಿದೆ. ನೀತಿಯ ಕಡೆ ಒಲವಿರುವವರು ಇವುಗಳ ಜೊತೆಗೆ ಇನ್ನೊಂದನ್ನು ಕಲಿಯಬೇಕು. ಅದು ಕನ್ನಡದಲ್ಲಿ, ಸಾಧ್ಯವಾದರೆ ತುಳು ಕೊಂಕಣಿಗಳಲ್ಲೂ, ತಾವು ತಿಳಿದದ್ದನ್ನು ದಕ್ಕೆಯಲ್ಲಿ ನಿಂತವರಿಗೆ ಅರ್ಥವಾಗುವಂತೆ ಹೇಳುವುದು, ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳುವುದು.

ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಸಣ್ಣ ಮೀನುಗಾರರ ಮಾತು ಸರಿಯಾಗಿತ್ತು. ಅದನ್ನು ಅಂಕಿಗಳಲ್ಲಿ ಇಟ್ಟು ಸಚಿವರ ಮುಂದೆ ಹಟ ಹಿಡಿದು ಹೇಳುವವರು ಸಾಕಷ್ಟು ಇರಲಿಲ್ಲ. ಆ ಜಾಗ ಖಾಲಿ ಉಳಿಯಬಾರದು ಎಂಬುದು ಲುಬ್‌ಚೆಂಕೊ ಅವರ ಹಟ. ಅಲ್ಲಿ ಹೋಗಿ ನಿಂತವರು ಕೆಲವೊಮ್ಮೆ ಎಡವುತ್ತಾರೆ ಎಂಬುದನ್ನೂ ಅವರ ಬದುಕು ಹೇಳುತ್ತದೆ. ಯಾರೂ ನಿಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಹೇಳಲು ಕೆಲಸ ಕಳೆದುಕೊಂಡ ಆ 30 ಸಾವಿರ ಮಂದಿ ಇದ್ದಾರೆ.